ಮುಂಬೈಯಲ್ಲಿ ನಾಲ್ಕು ದಿನ: ಮಂಡಿ ನೋವಿನ ತಾಯಿಯನ್ನು ಲೋಕಲ್ ರೈಲು ಹತ್ತಿಸಬಹುದೇ?

ಸಾಧನಕೇರಿಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜನವರಿ ಮೂರನೆಯ ವಾರದಲ್ಲಿ ನಾನು, ನನ್ನ ತಾಯಿ ಮತ್ತು ಹತ್ತು ವರ್ಷದ ಮಗ ಮೊದಲ ಬಾರಿಗೆ ಮುಂಬೈ ನೋಡಲು ಹೊರಟಿದ್ದೇವೆ. ಹುಬ್ಬಳ್ಳಿ–ದಾದರ್ ರೈಲನ್ನು ಧಾರವಾಡದಲ್ಲಿ ಹತ್ತಿ ಗುರುವಾರ ಬೆಳಿಗ್ಗೆ ದಾದರಿನಲ್ಲಿ ಇಳಿಯುತ್ತೇವೆ. ಭಾನುವಾರ ರಾತ್ರಿ ಅಲ್ಲಿಂದಲೇ ಮರಳುವ ಟಿಕೆಟ್ ಕೂಡ ಆಗಿದೆ. ತಾಯಿಗೆ 68 ವರ್ಷ. ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್ ಆರಾಮವಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ.

ತಾಯಿಗೆ ಸಿದ್ಧಿವಿನಾಯಕ ಮತ್ತು ಮಹಾಲಕ್ಷ್ಮಿ ದೇವಸ್ಥಾನಗಳ ದರ್ಶನವಾಗಬೇಕು. ಮಗನಿಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗಬೇಕು, ಎರಡು ಮಹಡಿಯ ಬಸ್ಸಿನಲ್ಲಿ ಮೇಲೆ ಕೂರಬೇಕು. ನನಗೆ ಗೇಟ್‌ವೇ ಹತ್ತಿರದ ದೊಡ್ಡ ವಸ್ತುಸಂಗ್ರಹಾಲಯವನ್ನೂ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದ ಕಟ್ಟಡವನ್ನೂ ನಿಧಾನವಾಗಿ ನೋಡುವ ಆಸೆಯಿದೆ. ಪಕ್ಕದ ಮನೆಯವರು "ವಯಸ್ಸಾದವರನ್ನು ಕರೆದುಕೊಂಡು ಲೋಕಲ್ ಹತ್ತಲು ಹೋಗಲೇಬೇಡಿ" ಎನ್ನುತ್ತಾರೆ, ಅಲ್ಲೇ ಎರಡು ವರ್ಷ ಕೆಲಸ ಮಾಡಿದ ಸೋದರಮಾವನ ಮಗ "ಲೋಕಲ್ ಬಿಟ್ಟರೆ ಅಲ್ಲಿ ಗತಿಯಿಲ್ಲ" ಎನ್ನುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಬೇಕು, ಮತ್ತು ನಾವು ಎಲ್ಲಿ ಉಳಿದುಕೊಂಡರೆ ಒಳ್ಳೆಯದು ಎಂಬುದನ್ನು ಅಲ್ಲಿ ವಾಸವಾಗಿರುವವರು ದಯವಿಟ್ಟು ತಿಳಿಸಬೇಕು.

ಡೊಂಬಿವಲಿ ಪಾಸುದಾರ

ಇಬ್ಬರೂ ಹೇಳಿದ್ದು ನಿಜವೇ, ಆದರೆ ಯಾವ ಹೊತ್ತಿನಲ್ಲಿ ಎಂಬುದನ್ನು ಇಬ್ಬರೂ ಹೇಳಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಮಧ್ಯ ರೈಲ್ವೆಯ ಲೋಕಲ್‌ನಲ್ಲಿ ದಿನವೂ ಓಡಾಡುವ ನಾನು ನನ್ನ ತಾಯಿಯನ್ನೂ ಅದರಲ್ಲೇ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ದಕ್ಷಿಣದ ಕಡೆಗೆ ಹೊರಡು ಎಂದರೆ ಮಾತ್ರ ನಾನೇ ಅವರನ್ನು ಮನೆಯಲ್ಲಿ ಬಿಟ್ಟು ಬರುತ್ತೇನೆ.

ಮುಂಬೈ ಉದ್ದನೆಯ ಊರು. ಕಚೇರಿಗಳಲ್ಲಿ ಬಹುಪಾಲು ದಕ್ಷಿಣದ ತುದಿಯಲ್ಲಿಯೂ ಮಧ್ಯಭಾಗದಲ್ಲಿಯೂ ಇವೆ, ಮನೆಗಳು ಉತ್ತರದಲ್ಲಿವೆ. ಹೀಗಾಗಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನರೆಲ್ಲ ದಕ್ಷಿಣದ ಕೊನೆಯ ನಿಲ್ದಾಣಗಳಾದ ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ ಕಡೆಗೆ ಬರುತ್ತಾರೆ, ಸಂಜೆ ಐದರಿಂದ ಒಂಬತ್ತರವರೆಗೆ ಅದೇ ಜನ ಹಿಂದಿರುಗುತ್ತಾರೆ. ಆ ಹೊತ್ತಿನಲ್ಲಿ ಆ ದಿಕ್ಕಿನ ಡಬ್ಬಿಯಲ್ಲಿ ಕಾಲೂರಲು ಜಾಗವಿರುವುದಿಲ್ಲ, ಎದುರು ದಿಕ್ಕಿನ ಡಬ್ಬಿಯಲ್ಲಿ ಮಾತ್ರ ಅದೇ ಸಮಯಕ್ಕೆ ಕಿಟಕಿಯ ಪಕ್ಕದ ಸೀಟು ಸಿಗುತ್ತದೆ. ಇಲ್ಲಿ ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ. ಯಾವ ಕಡೆಗೆ, ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಹನ್ನೊಂದೂವರೆಯಿಂದ ನಾಲ್ಕರ ನಡುವೆ ನಿಮ್ಮ ತಾಯಿಯವರು ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು.

ಇದೇ ಕಾರಣಕ್ಕೆ ನೀವು ದಕ್ಷಿಣದ ತುದಿಯ ಫೋರ್ಟ್ ಅಥವಾ ಕೊಲಾಬಾ ಭಾಗದಲ್ಲಿ ಉಳಿಯಬೇಕೆಂಬುದು ನನ್ನ ಸಲಹೆ. ನೀವು ನೋಡಬೇಕೆಂದಿರುವುದರಲ್ಲಿ ಅರ್ಧ ಅಲ್ಲೇ ಇದೆ. ದೇವಸ್ಥಾನಗಳಿಗಾಗಿ ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಜನಪ್ರವಾಹ ನಿಮಗೆ ಎದುರಾಗಿ ಬರುತ್ತಿರುತ್ತದೆ, ನಿಮ್ಮ ರೈಲು ಖಾಲಿ ಇರುತ್ತದೆ. ದಾದರಿನಿಂದ ಸಿಎಸ್‌ಎಂಟಿಗೆ ಕೇವಲ 9 ಕಿಲೋಮೀಟರ್, ಎರಡನೆಯ ದರ್ಜೆಗೆ 5 ರೂಪಾಯಿ.

ಹತ್ತುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೊಸಬರು ಎಡವುವುದು ಅಲ್ಲೇ. ಪ್ಲಾಟ್‌ಫಾರ್ಮಿನ ಸೂಚನಾ ಫಲಕದಲ್ಲಿ ರೈಲು ಕೊನೆಗೊಳ್ಳುವ ಊರು, ಸ್ಲೋ ಅಥವಾ ಫಾಸ್ಟ್ ಎಂಬ ಗುರುತು, ಬರಲು ಉಳಿದಿರುವ ನಿಮಿಷ, ಡಬ್ಬಿಗಳ ಸಂಖ್ಯೆ ಇಷ್ಟೂ ಇರುತ್ತವೆ. ನೀವು ಸ್ಲೋ ಹಿಡಿಯಿರಿ. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದರಿಂದ ಐದಾರು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ತಪ್ಪು ರೈಲು ಹತ್ತಿದರೂ ಮುಂದಿನ ನಿಲ್ದಾಣದಲ್ಲಿ ಇಳಿದು ತಿದ್ದಿಕೊಳ್ಳಬಹುದು. ಪಶ್ಚಿಮ ಮಾರ್ಗದಲ್ಲಿ ದೂರದ ವಿರಾರಿಗೆ ಹೋಗುವ ಸಂಜೆಯ ಫಾಸ್ಟ್ ಹತ್ತಿ ನಡುದಾರಿಯ ಅಂಧೇರಿಯಲ್ಲಿ ಇಳಿಯುತ್ತೇನೆ ಎನ್ನುವವರನ್ನು ವಿರಾರಿನವರು ಇಂದಿಗೂ ಕ್ಷಮಿಸುವುದಿಲ್ಲ. ರೈಲು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಆದ್ದರಿಂದ ಇಳಿಯುವ ನಿಲ್ದಾಣಕ್ಕೆ ಒಂದೆರಡು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆಗೆ ಸರಿಯಬೇಕು. ಹಿಂದಿನಿಂದ ಯಾರೋ ಭುಜ ತಟ್ಟಿ "ದಾದರ್?" ಎಂದು ಒಂದೇ ಪದ ಕೇಳುತ್ತಾರೆ. ನೀವೂ ಅಲ್ಲೇ ಇಳಿಯುವವರಾದರೆ ತಲೆಯಾಡಿಸಿ, ಇಲ್ಲವಾದರೆ ಪಕ್ಕಕ್ಕೆ ಸರಿದು ಅವರನ್ನು ಮುಂದೆ ಬಿಡಿ. ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಒರಗಿ ಕೂರುತ್ತಾರೆ. ಅದಕ್ಕೆ ಫೋರ್ತ್ ಸೀಟ್ ಎನ್ನುತ್ತಾರೆ. ಯಾರಾದರೂ ಕೈಸನ್ನೆ ಮಾಡಿ ಸರಿಯಲು ಹೇಳಿದರೆ ಅದನ್ನು ಜಗಳವೆಂದು ತಿಳಿಯಬೇಡಿ.

ನೀವು, ತಾಯಿ, ಮಗ ಮೂವರೂ ಮಹಿಳೆಯರ ಡಬ್ಬಿ ಹತ್ತುವುದು ಉತ್ತಮ. ಅದು ನಿಲ್ಲುವ ಜಾಗದಲ್ಲಿ ಪ್ಲಾಟ್‌ಫಾರ್ಮಿನ ಮೇಲೆಯೇ ಓರೆ ಪಟ್ಟೆಗಳ ಗುರುತಿರುತ್ತದೆ. ಮೊದಲ ದರ್ಜೆಗೂ ಹಾಗೆಯೇ ಪಟ್ಟೆಗಳಿವೆ, ಅವಸರದಲ್ಲಿ ಅದರೊಳಗೆ ನುಗ್ಗಿದರೆ ಟಿಕೆಟ್ ದರದ ವ್ಯತ್ಯಾಸದ ಮೇಲೆ ಕನಿಷ್ಠ 250 ರೂಪಾಯಿ ದಂಡ ತೆರಬೇಕಾಗುತ್ತದೆ. ಅಂಗವಿಕಲರ ಡಬ್ಬಿ ಖಾಲಿ ಕಂಡಿತೆಂದು ತಾಯಿಯನ್ನು ಅದಕ್ಕೆ ಹತ್ತಿಸಬೇಡಿ, ಹಿರಿಯ ನಾಗರಿಕರೆಂಬ ಒಂದೇ ಕಾರಣಕ್ಕೆ ಅದರಲ್ಲಿ ಪ್ರವೇಶವಿಲ್ಲ. ಪ್ರತಿ ಸಲ ಸಾಲಿನಲ್ಲಿ ನಿಲ್ಲುವುದು ಬೇಡವೆಂದರೆ ಪ್ರವಾಸಿಗರಿಗೆಂದೇ ಒಂದು, ಮೂರು ಮತ್ತು ಐದು ದಿನಗಳ ಪಾಸುಗಳಿವೆ. ಟಿಕೆಟ್ ಕಿಟಕಿಯಲ್ಲಿ ಟೂರಿಸ್ಟ್ ಪಾಸ್ ಎಂದು ಕೇಳಿ.

ಮಾಟುಂಗಾದ ಹಿರಿಯ

ಡೊಂಬಿವಲಿಯ ಮಿತ್ರರು ಲೋಕಲ್ ಬಗ್ಗೆ ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಆದರೆ ಅವರು ಡಬ್ಬಿಯ ಒಳಗಿನ ಕಷ್ಟವನ್ನು ಲೆಕ್ಕ ಹಾಕಿದ್ದಾರೆಯೇ ಹೊರತು ಡಬ್ಬಿಯವರೆಗೆ ತಲುಪುವ ಕಷ್ಟವನ್ನಲ್ಲ. ನನಗೆ ಈಗ 74 ವರ್ಷ, ಎರಡೂ ಮಂಡಿಗಳು ಮಾತು ಕೇಳುವುದಿಲ್ಲ, ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೂ ಸ್ವಲ್ಪ ತೂಕವಿದೆ ಎಂದುಕೊಂಡಿದ್ದೇನೆ. ಲೋಕಲ್ ನಿಲ್ದಾಣವೆಂದರೆ ಮೇಲ್ಸೇತುವೆ. ಹತ್ತಬೇಕು, ದಾಟಬೇಕು, ಇಳಿಯಬೇಕು. ದೊಡ್ಡ ನಿಲ್ದಾಣಗಳಲ್ಲಿ ಲಿಫ್ಟೂ ಎಸ್ಕಲೇಟರೂ ಬಂದಿವೆ ನಿಜ, ಆದರೆ ನೀವು ಇಳಿದ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ನೀವು, ಇನ್ನೊಂದು ತುದಿಯಲ್ಲಿ ಅದು. ಅಷ್ಟು ಉದ್ದ ಜನರ ನಡುವೆ ತಾಯಿಯವರ ಕೈಹಿಡಿದು ನಡೆಯುವಷ್ಟರಲ್ಲಿ ಅವರು ಅರ್ಧ ದಿನದ ಶಕ್ತಿ ಕಳೆದುಕೊಂಡಿರುತ್ತಾರೆ.

ತಂಗಿ, ನಿಮಗೆ ಹೇಳಿ ಮಾಡಿಸಿದ್ದು ನೆಲದಡಿಯ ಮೆಟ್ರೊ ಮೂರನೆಯ ಮಾರ್ಗ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ನಿಲ್ದಾಣಗಳು. 2025ರ ಅಕ್ಟೋಬರ್‌ನಲ್ಲಿ ಕೊನೆಯ ಹಂತವೂ ತೆರೆದು ಪೂರ್ತಿಯಾಯಿತು. ದಾದರ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್ ಎಲ್ಲವೂ ಇದೊಂದೇ ಗೆರೆಯ ಮೇಲಿವೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಡಬ್ಬಿಯ ನೆಲವೂ ಪ್ಲಾಟ್‌ಫಾರ್ಮಿನ ನೆಲವೂ ಒಂದೇ ಮಟ್ಟದಲ್ಲಿವೆ, ಟಿಕೆಟ್ ದರ 10ರಿಂದ 70 ರೂಪಾಯಿ. ಸಿದ್ಧಿವಿನಾಯಕ ನಿಲ್ದಾಣದಿಂದ ದೇವಸ್ಥಾನ ನಾಲ್ಕು ಹೆಜ್ಜೆ. ಮಂಗಳವಾರವನ್ನು ಬಿಟ್ಟು ಬೇರೆ ಯಾವ ದಿನ ಹೋದರೂ ಸಾಲು ತಾಳಿಕೊಳ್ಳುವಷ್ಟಿರುತ್ತದೆ. ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ನನಗೆ ಹಲವು ಸಲ ಕೈಕೊಟ್ಟಿದೆ, ಆದ್ದರಿಂದ ಹಣ ಪಾವತಿಗೆ ಫೋನನ್ನೇ ನಂಬದೆ ಚಿಲ್ಲರೆ ಇಟ್ಟುಕೊಂಡಿರಿ.

ಒಂದು ಎಚ್ಚರಿಕೆಯಿದೆ. ಮಹಾಲಕ್ಷ್ಮಿ ಎಂಬ ಹೆಸರಿನ ನಿಲ್ದಾಣದಲ್ಲಿ ಇಳಿದರೆ ಮಹಾಲಕ್ಷ್ಮಿ ದೇವಸ್ಥಾನ ಎದುರಿಗೇ ಇರುತ್ತದೆ ಎಂದು ತಿಳಿಯಬೇಡಿ. ನಿಲ್ದಾಣ ಕುದುರೆ ರೇಸಿನ ಮೈದಾನದ ಈಚೆಗಿದೆ, ದೇವಸ್ಥಾನ ಸಮುದ್ರದ ದಂಡೆಯಲ್ಲಿದೆ. ಹೊರಗೆ ಬಂದು ಟ್ಯಾಕ್ಸಿ ಹಿಡಿಯಲೇಬೇಕು. ಅದೇ ರಸ್ತೆಯಲ್ಲಿ ಹಾಜಿ ಅಲಿ ದರ್ಗಾ ಸಿಗುತ್ತದೆ. ಸಮುದ್ರದ ನಡುವಿನ ಆ ಕಾಲುದಾರಿ ಭರತದ ಹೊತ್ತಿನಲ್ಲಿ ನೀರಿನಲ್ಲಿ ಮುಳುಗಿ ಮುಚ್ಚಿಹೋಗುತ್ತದೆ. ಆ ದಿನದ ಭರತದ ವೇಳೆಯನ್ನು ಮೊದಲೇ ನೋಡಿಕೊಂಡು ಹೋದರೆ ದಂಡೆಯಲ್ಲಿ ನಿಂತು ಕಾಯುವುದು ತಪ್ಪುತ್ತದೆ.

ಉಳಿಯುವ ಜಾಗದ ಬಗ್ಗೆ ನನ್ನದು ಬೇರೆಯೇ ಅಭಿಪ್ರಾಯ. ಕೊಲಾಬಾದ ಕೋಣೆ ಬಾಡಿಗೆ ದುಬಾರಿ, ಕೋಣೆ ಚಿಕ್ಕದು. ಕಡಿಮೆ ದರಕ್ಕೆ ಸಿಗುವ ಎಷ್ಟೋ ಕೋಣೆಗಳು ಹಳೆಯ ಕಟ್ಟಡಗಳ ಮೂರನೆಯ ಮಹಡಿಯಲ್ಲಿದ್ದು ಲಿಫ್ಟ್ ಇರುವುದಿಲ್ಲ. ಎಲ್ಲೇ ಕಾಯ್ದಿರಿಸಿದರೂ ಲಿಫ್ಟ್ ಇದೆಯೇ, ಅದು ನಡೆಯುತ್ತದೆಯೇ ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ನೀವು ದಾದರಿನಲ್ಲಿ ಇಳಿದು ದಾದರಿನಲ್ಲೇ ಹತ್ತುವವರಾದ್ದರಿಂದ ದಾದರ್ ಅಥವಾ ಮಾಟುಂಗಾ ಸಾಕು. ಮಾಟುಂಗಾ ಪೂರ್ವದಲ್ಲಿ ಉಡುಪಿ ಹೋಟೆಲುಗಳು ನಾಲ್ಕಾರು ತಲೆಮಾರಿನ ಗಿರಾಕಿಗಳನ್ನು ಕಂಡಿವೆ. ಎಲೆಯ ಮೇಲೆ ಊಟ, ಬೆಳಿಗ್ಗೆ ಇಡ್ಲಿ, ಫಿಲ್ಟರ್ ಕಾಫಿ ಸಿಗುವುದರಿಂದ ವಯಸ್ಸಾದವರ ಹೊಟ್ಟೆ ಕೆಡುವುದಿಲ್ಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ, ಕರ್ನಾಟಕ ಸಂಘ ಹಳಿಯ ಆಚೆ ಮಾಹಿಮಿನ ಕಡೆಗಿದೆ; ನೀವು ಬಂದಾಗ ನಾಟಕವೋ ಉಪನ್ಯಾಸವೋ ಇದ್ದರೆ ಒಂದು ಸಂಜೆ ಅಲ್ಲಿ ಕಳೆಯಬಹುದು. ಹತ್ತಿರ ಹತ್ತಿರವೇ ಇದ್ದರೂ ಮಾಟುಂಗಾ ಮತ್ತು ಮಾಟುಂಗಾ ರೋಡ್ ಎರಡು ಬೇರೆ ಮಾರ್ಗಗಳ ಎರಡು ಬೇರೆ ನಿಲ್ದಾಣಗಳು, ವಿಳಾಸ ಕೇಳುವಾಗ ಇದು ನೆನಪಿರಲಿ.

ಸಾಧನಕೇರಿಯವಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿರಿಯರ ಮಾತು ಓದಿಸಿದ ಮೇಲೆ ತಾಯಿ "ಮಾಟುಂಗಾದಲ್ಲೇ ಇರೋಣ" ಎಂದು ತೀರ್ಮಾನಿಸಿಬಿಟ್ಟಿದ್ದಾರೆ, ಅದರಲ್ಲಿ ಮೆಟ್ರೊಗಿಂತ ಎಲೆ ಊಟದ ಪಾಲು ಹೆಚ್ಚೆಂದು ನನ್ನ ಅನುಮಾನ. ಇನ್ನೆರಡು ಸಂದೇಹಗಳಿವೆ. ಎಲಿಫೆಂಟಾದಲ್ಲಿ ಮೆಟ್ಟಿಲುಗಳು ಬಹಳ ಎಂದು ಕೇಳಿದ್ದೇನೆ. ತಾಯಿಯನ್ನು ಕರೆದೊಯ್ಯುವುದೋ, ಕೋಣೆಯಲ್ಲಿ ಬಿಟ್ಟು ನಾವಿಬ್ಬರೇ ಹೋಗುವುದೋ? ಎರಡನೆಯದು, ಟ್ಯಾಕ್ಸಿಯವರೊಂದಿಗೆ ಹೇಗೆ ವ್ಯವಹರಿಸಬೇಕು? ನನಗೆ ಹಿಂದಿ ಬರುತ್ತದೆ, ಆದರೆ ಚೌಕಾಶಿ ಬರುವುದಿಲ್ಲ.

ಮಾಟುಂಗಾದ ಹಿರಿಯ

ಚೌಕಾಶಿ ಬೇಕಾಗಿಯೇ ಇಲ್ಲ. ಇದು ಮೀಟರಿನ ಊರು, ಆ ಮಟ್ಟಿಗೆ ಬೇರೆ ಅನೇಕ ಊರುಗಳಿಗಿಂತ ಮೇಲು. 2025ರ ಫೆಬ್ರವರಿ 1ರಿಂದ ಕಪ್ಪು-ಹಳದಿ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಆಟೋಗೆ 26 ರೂಪಾಯಿ ಎಂದು ನಿಗದಿಯಾಗಿದೆ. ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಅದರ ಮೇಲೆ ಕಾಲುಭಾಗ ಹೆಚ್ಚು. ಕೂರುವ ಮೊದಲು "ಮೀಟರ್ ಸೇ?" ಎಂದು ಕೇಳಿ, ಆಗುವುದಿಲ್ಲ ಎಂದರೆ ಮುಂದಿನ ಗಾಡಿಗೆ ಹೋಗಿ. ದೂರದ ರೈಲಿನಿಂದ ಚೀಲ ಹಿಡಿದು ಇಳಿದವರನ್ನು ಕಂಡು ಪ್ಲಾಟ್‌ಫಾರ್ಮಿನ ಒಳಗೇ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಎನ್ನುವವರ ಹಿಂದೆ ಮಾತ್ರ ಹೋಗಬೇಡಿ. ನನ್ನ ಭಾವಮೈದ ಹಾಗೆ ಹೋಗಿ ದಾದರಿನಿಂದ ಮಾಟುಂಗಾಕ್ಕೆ 400 ರೂಪಾಯಿ ಕೊಟ್ಟು ಬಂದ. ಆ ದೂರಕ್ಕೆ ಮೀಟರು ನೂರನ್ನೂ ಮುಟ್ಟುವುದಿಲ್ಲ. ಇನ್ನೊಂದು ವಿಷಯ: ಆಟೋಗಳು ಪಶ್ಚಿಮದಲ್ಲಿ ಬಾಂದ್ರಾದಿಂದ, ಪೂರ್ವದಲ್ಲಿ ಸಾಯನ್‌ನಿಂದ ಉತ್ತರಕ್ಕೆ ಮಾತ್ರ ಓಡುತ್ತವೆ. ದಾದರಿನಲ್ಲಿ ನಿಂತು ಆಟೋ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಎಲಿಫೆಂಟಾಕ್ಕೆ ತಾಯಿಯವರನ್ನು ಖಂಡಿತ ಕರೆದೊಯ್ಯಿರಿ. ಗೇಟ್‌ವೇಯಿಂದ ದೋಣಿ ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ಎರಡರ ಹೊತ್ತಿಗೆ ಆ ಕಡೆಗೆ ಹೋಗುವುದು ನಿಲ್ಲುತ್ತದೆ. ಸೋಮವಾರ ಗುಹೆಗಳಿಗೆ ರಜೆ. ದೋಣಿಕಟ್ಟೆಯಿಂದ ಗುಡ್ಡದ ಬುಡದವರೆಗೆ ಆಟಿಕೆಯಂಥ ಪುಟ್ಟ ರೈಲು ಇದೆ, ಅಲ್ಲಿಂದ ಮೇಲೆ ಸುಮಾರು 120 ಮೆಟ್ಟಿಲುಗಳು. ಆ ಮೆಟ್ಟಿಲುಗಳಿಗೆ ಡೋಲಿಯ ವ್ಯವಸ್ಥೆ ಇದೆ. ಕುರ್ಚಿಗೆ ಬಿದಿರು ಕಟ್ಟಿ ನಾಲ್ವರು ಹೊರುತ್ತಾರೆ. ದರವನ್ನು ಹತ್ತಿ ಇಳಿಯುವುದಕ್ಕೂ ಸೇರಿಸಿ ಕೆಳಗೇ ಮಾತಾಡಿಕೊಳ್ಳಬೇಕು. ನೀವು ಬಾರದೆಂದ ಚೌಕಾಶಿ ಅಲ್ಲೊಂದು ಕಡೆ ಬೇಕಾಗುತ್ತದೆ. ಮುಖ್ಯ ಗುಹೆಯೊಳಗೆ ನೆಲ ಸಮತಟ್ಟು. ದಕ್ಷಿಣದ ಗೋಡೆಯಲ್ಲಿ ಆಳೆತ್ತರವನ್ನು ಮೂರು ಪಟ್ಟು ಮೀರಿದ ಆ ಮೂರು ಮುಖಗಳ ಸದಾಶಿವನ ಎದುರು ಕೂರಲು ತಾಯಿಯವರಿಗೆ ಅರ್ಧ ಗಂಟೆಯಾದರೂ ಬಿಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಮುಖಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. 2024ರ ಡಿಸೆಂಬರ್ 18ರ ದೋಣಿ ದುರಂತದ ನಂತರ ಲೈಫ್ ಜಾಕೆಟ್ ಕಡ್ಡಾಯವಾಗಿದೆ. ಯಾರೂ ಕೊಡದಿದ್ದರೆ ಕೇಳಿ ಹಾಕಿಕೊಳ್ಳಿ, ಮಗನಿಗೆ ಅಳತೆಯದ್ದು ಸಿಗುವವರೆಗೆ ಬಿಡಬೇಡಿ. ಮೇಲೆ ಕೋತಿಗಳಿವೆ, ಕೈಯಲ್ಲಿ ತಿಂಡಿಯ ಪೊಟ್ಟಣ ಕಾಣಿಸಬಾರದು.

ಗಿರಗಾಂವ್ ಓದುಗ

ಎಲ್ಲರ ಸಲಹೆಗಳೂ ಚೆನ್ನಾಗಿವೆ, ಆದರೆ ದಿನಾಂಕವನ್ನು ಯಾರೂ ಗಮನಿಸಿದಂತಿಲ್ಲ. ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೆಯ ಭಾನುವಾರ. ಅಂದು ನಸುಕಿನಿಂದ ಮಧ್ಯಾಹ್ನದವರೆಗೆ ಸಿಎಸ್‌ಎಂಟಿ, ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ ಭಾಗದ ರಸ್ತೆಗಳು ವಾಹನಗಳಿಗೆ ಮುಚ್ಚಿರುತ್ತವೆ. ನೀವು ಮಹಾಲಕ್ಷ್ಮಿ ದರ್ಶನವನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಂಡಿದ್ದರೆ ಟ್ಯಾಕ್ಸಿ ನಿಮ್ಮನ್ನು ಅಲ್ಲಿಗೆ ಒಯ್ಯಲಾರದು. ಒಮ್ಮೆ ನಮ್ಮ ಮನೆಗೆ ಬಂದಿದ್ದ ನೆಂಟರು ಅಂದು ಬೆಳಿಗ್ಗೆ ಚೀಲ ಹೊತ್ತು ರಸ್ತೆಯ ಈಚೆ ನಿಂತಿದ್ದರು, ಅವರನ್ನು ಕರೆದೊಯ್ಯಬೇಕಿದ್ದ ಗಾಡಿ ಆಚೆ ನಿಂತಿತ್ತು, ನಡುವೆ ಸಾವಿರಾರು ಜನ ಓಡುತ್ತಿದ್ದರು. ಶುಕ್ರವಾರ ಅಥವಾ ಶನಿವಾರದ ಎಲಿಫೆಂಟಾ ಪ್ರವಾಸಕ್ಕೆ ಇದರಿಂದ ಅಡ್ಡಿಯಿಲ್ಲ.

ಡೊಂಬಿವಲಿ ಪಾಸುದಾರ

ಮ್ಯಾರಥಾನ್ ನನಗೂ ಮರೆತಿತ್ತು, ನೆನಪಿಸಿದ್ದು ಒಳ್ಳೆಯದಾಯಿತು. ಹಾಗಿದ್ದಮೇಲೆ ಫೋರ್ಟ್‌ನಲ್ಲಿ ಉಳಿಯುವ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆ ವಾರಾಂತ್ಯದಲ್ಲಿ ಅಲ್ಲಿ ಕೋಣೆಯೂ ಸುಲಭವಾಗಿ ಸಿಗಲಾರದು. ಭಾನುವಾರದ ಬಗ್ಗೆ ಇನ್ನೂ ಒಂದು ಮಾತಿದೆ: ಹಳಿಗಳ ದುರಸ್ತಿಗಾಗಿ ಸಾಮಾನ್ಯವಾಗಿ ಆ ದಿನವೇ ಮೆಗಾಬ್ಲಾಕ್ ಇಡುತ್ತಾರೆ. ಬೆಳಿಗ್ಗೆ ಹನ್ನೊಂದರ ಸುಮಾರಿನಿಂದ ಸಂಜೆ ನಾಲ್ಕರವರೆಗೆ ಕೆಲವು ಮಾರ್ಗಗಳಲ್ಲಿ ಲೋಕಲ್‌ಗಳು ಕಡಿಮೆಯಾಗುತ್ತವೆ, ಸ್ಲೋ ರೈಲುಗಳು ಫಾಸ್ಟ್ ಹಳಿಯ ಮೇಲೆ ಓಡಿ ಸಣ್ಣ ನಿಲ್ದಾಣಗಳನ್ನು ಬಿಟ್ಟುಬಿಡುತ್ತವೆ. ಯಾವ ಮಾರ್ಗದಲ್ಲಿ ಎಂಬುದನ್ನು ರೈಲ್ವೆಯವರು ಮುಂಚಿತವಾಗಿ ಪ್ರಕಟಿಸುತ್ತಾರೆ. ಮೆಟ್ರೊಗೆ ಇದರ ಬಾಧೆಯಿಲ್ಲ.

ಆದ್ದರಿಂದ ನಾನಾಗಿದ್ದರೆ ಗುರುವಾರ ಕೋಣೆ ಸೇರಿ ವಿಶ್ರಾಂತಿ ಪಡೆದು ಮಧ್ಯಾಹ್ನ ಸಿದ್ಧಿವಿನಾಯಕ, ಮಹಾಲಕ್ಷ್ಮಿ ಎರಡನ್ನೂ ಮುಗಿಸುತ್ತಿದ್ದೆ. ಶುಕ್ರವಾರ ಹನ್ನೊಂದರ ನಂತರ ಮೆಟ್ರೊದಲ್ಲಿ ಹುತಾತ್ಮ ಚೌಕಕ್ಕೆ ಹೋಗಿ ವಸ್ತುಸಂಗ್ರಹಾಲಯ. ಅದಕ್ಕೆ ಮೂರು ಗಂಟೆ ಬೇಕು, ಒಳಗೆ ಲಿಫ್ಟ್ ಎಲ್ಲಿದೆ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಸಿಎಸ್‌ಎಂಟಿಗೆ ಬಂದು ಕಟ್ಟಡವನ್ನು ಎದುರು ರಸ್ತೆಯ ಆಚೆ ನಿಂತು ನೋಡಿ, ಒಳಗಿನಿಂದ ನೋಡಿದರೆ ಜನರೇ ಕಾಣುತ್ತಾರೆ. ಮಗನ ಎರಡು ಮಹಡಿಯ ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಹಳೆಯ ಕೆಂಪು ಡೀಸೆಲ್ ಬಸ್ಸುಗಳು 2023ರಲ್ಲಿ ನಿವೃತ್ತವಾದವು, ಈಗಿನವು ಹವಾನಿಯಂತ್ರಿತ ವಿದ್ಯುತ್ ಬಸ್ಸುಗಳು, ಕನಿಷ್ಠ ದರ 12 ರೂಪಾಯಿ. ಮೇಲಿನ ಮಹಡಿಯ ಮುಂದಿನ ಸೀಟು ಬೇಕೆಂದರೆ ಬಸ್ಸು ಹೊರಡುವ ಜಾಗದಲ್ಲೇ ಹತ್ತಬೇಕು. ಶನಿವಾರ ಎಲಿಫೆಂಟಾ. ಲೋಕಲ್‌ನ ರುಚಿ ನೋಡದೆ ಹೋಗುವುದು ಬೇಡವೆಂದಿದ್ದರೆ ಶುಕ್ರವಾರವೋ ಶನಿವಾರವೋ ಮಧ್ಯಾಹ್ನ ನಾಲ್ಕರ ಒಳಗೆ ಸಿಎಸ್‌ಎಂಟಿಯಿಂದ ಮಾಟುಂಗಾಕ್ಕೆ ಸ್ಲೋ ಹಿಡಿಯಿರಿ. ರೈಲು ಅಲ್ಲಿಂದಲೇ ಹೊರಡುವುದರಿಂದ ತಾಯಿಯವರು ನಿಂತ ರೈಲನ್ನು ನಿಧಾನವಾಗಿ ಹತ್ತಬಹುದು. ಸಿಎಸ್‌ಎಂಟಿಯಲ್ಲಿ ಹಳಿಗಳು ಕೊನೆಗೊಳ್ಳುವುದರಿಂದ ಅಲ್ಲಿ ಮೇಲ್ಸೇತುವೆ ದಾಟುವ ಪ್ರಶ್ನೆಯೇ ಇಲ್ಲ, ಮೆಟ್ಟಿಲಿನ ಕಷ್ಟ ಮಾಟುಂಗಾದಲ್ಲಿ ಇಳಿದಾಗ ಒಂದು ಸಲ ಮಾತ್ರ.

ಮರಳುವಾಗ ದಾದರಿನಲ್ಲಿ ಗೊಂದಲವಾಗಬಾರದೆಂದು ಇದನ್ನೂ ಬರೆಯುತ್ತೇನೆ. ಅಲ್ಲಿ ಮೊದಲು ಪಶ್ಚಿಮ ಮತ್ತು ಮಧ್ಯ ರೈಲ್ವೆಗೆ ಬೇರೆ ಬೇರೆಯಾಗಿ ಒಂದರಿಂದ ಎಣಿಕೆಯಿತ್ತು. 2023ರ ಡಿಸೆಂಬರ್‌ನಿಂದ ಒಂದರಿಂದ ಹದಿನಾಲ್ಕರವರೆಗೆ ಒಂದೇ ಎಣಿಕೆಯಾಗಿದ್ದು, 1ರಿಂದ 7 ಪಶ್ಚಿಮದವು, 8ರಿಂದ 14 ಮಧ್ಯ ರೈಲ್ವೆಯವು. ನಿಮ್ಮ ರೈಲು ಹೊರಡುವುದು ಮಧ್ಯ ರೈಲ್ವೆಯ ಕಡೆಯಿಂದ, ಆದ್ದರಿಂದ ಟ್ಯಾಕ್ಸಿಯವನಿಗೆ ದಾದರ್ ಪೂರ್ವ ಎಂದೇ ಹೇಳಿ. ಪಶ್ಚಿಮದಲ್ಲಿ ಇಳಿಸಿಬಿಟ್ಟರೆ ಚೀಲಗಳೊಂದಿಗೆ ಇಡೀ ಮೇಲ್ಸೇತುವೆಯನ್ನು ದಾಟಬೇಕಾಗುತ್ತದೆ.

ಸಾಧನಕೇರಿಯವಳು

ಗಿರಗಾಂವಿನವರಿಗೆ ವಿಶೇಷ ಧನ್ಯವಾದ; ನಾನು ನಿಜವಾಗಿಯೂ ಮಹಾಲಕ್ಷ್ಮಿಯನ್ನು ಭಾನುವಾರಕ್ಕೇ ಇಟ್ಟುಕೊಂಡಿದ್ದೆ. ಅದನ್ನು ಗುರುವಾರಕ್ಕೆ ಸರಿಸಿ ಉಳಿದದ್ದನ್ನು ಡೊಂಬಿವಲಿಯವರು ಹೇಳಿದ ಕ್ರಮದಲ್ಲೇ ಬರೆದುಕೊಂಡಿದ್ದೇನೆ. ಮಾಟುಂಗಾ ಪೂರ್ವದಲ್ಲಿ ಎರಡನೆಯ ಮಹಡಿಯ ಕೋಣೆಯೊಂದು ಸಿಕ್ಕಿದೆ. ಲಿಫ್ಟ್ ಇದೆ ಎಂದರು, ನಡೆಯುತ್ತದೆಯೇ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಜನವರಿಯೊಳಗೆ ಸರಿಪಡಿಸುತ್ತೇವೆ ಎಂದರು. ನೆಲಮಹಡಿಯಲ್ಲೇ ಕೋಣೆ ಕೊಡಿ ಎಂದು ಕೇಳಿ ಮುಂಗಡವನ್ನು ಆಮೇಲೆ ಕಳಿಸಿದೆ.